ಕೋಣೆಯೊಳಗೇ ಶಾರ್ಟ್‌ವೇವ್ ಏರಿಯಲ್: ಮೂರು ಮೀಟರ್ ತಂತಿ, ಒಂದು ಹಳೆಯ ಗ್ಯಾಂಗ್

ಸಂಜೆ ಏಳರ ಹೊತ್ತಿಗೆ ರೇಡಿಯೊ ಮುಳ್ಳನ್ನು 41 ಅಥವಾ 31 ಮೀಟರ್ ಬ್ಯಾಂಡಿಗೆ ತಂದರೆ ಈಗಲೂ ದೂರದೇಶದ ನಿಲ್ದಾಣಗಳು ಸಾಕಷ್ಟು ಸಿಗುತ್ತವೆ. ಆದರೆ ಅವುಗಳ ಮೇಲೆ ಗೊರಗೊರ ಸದ್ದು ಕವಿದಿರುತ್ತದೆ. ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಇನ್ವರ್ಟರ್ ಎಲ್ಲವೂ ಶಾರ್ಟ್‌ವೇವ್‌ನಲ್ಲಿ ಸದ್ದು ಹರಡುತ್ತವೆ. ರೇಡಿಯೊದ ಕಡ್ಡಿ ಏರಿಯಲ್ಲು ನಿಲ್ದಾಣವನ್ನೂ ಈ ಗದ್ದಲವನ್ನೂ ಒಟ್ಟಿಗೇ ಹಿಡಿಯುತ್ತದೆ. ಅದಕ್ಕೆ ಮನೆಯೊಳಗೆ ಇನ್ನಷ್ಟು ತಂತಿ ಕಟ್ಟಿದರೆ ಎರಡೂ ಹೆಚ್ಚುತ್ತವೆ, ಕಿವಿಗೆ ಲಾಭವಿಲ್ಲ.

ಹಿತ್ತಲಿನ ಸಿಲ್ವರ್ ಓಕ್ ಮರಕ್ಕೆ ಇಪ್ಪತ್ತು ಮೀಟರ್ ತಂತಿ ಎಳೆಯುವುದು ಹಳೆಯ ದಾರಿ. ಚೆನ್ನಾಗಿಯೇ ಕೇಳಿಸುತ್ತದೆ. ಆದರೆ ಕೊಡಗಿನಲ್ಲಿ ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಆ ತಂತಿಯೇ ಸಿಡಿಲನ್ನು ಮನೆಯೊಳಗೆ ಕರೆದುಕೊಂಡು ಬರಬಹುದು. ಜೂನ್ ಬಂದ ಮೇಲೆ ಗಾಳಿಗೆ ಮುರಿಯುವ ಕೊಂಬೆಗಳು ಅದನ್ನು ಉಳಿಸುವುದಿಲ್ಲ. ಕೋಣೆಯ ಮೂಲೆಯಲ್ಲಿ ನಿಲ್ಲುವ ಚೌಕ ಏರಿಯಲ್ ಈ ತಾಪತ್ರಯಗಳನ್ನು ತಪ್ಪಿಸುತ್ತದೆ. ಅದಕ್ಕಿಂತ ದೊಡ್ಡ ಅನುಕೂಲವೆಂದರೆ ಗದ್ದಲ ಬರುವ ದಿಕ್ಕಿಗೆ ಅದನ್ನು ಕಿವುಡಾಗಿಸಬಹುದು. ಇಷ್ಟು ಶ್ರಮಪಡುವುದು ಇದಕ್ಕಾಗಿಯೇ.

ಒಂದು ಮಾತು ಮೊದಲೇ: ಮಡಿಕೇರಿ ಆಕಾಶವಾಣಿ ಬರುವುದು ಎಫ್‌ಎಂನಲ್ಲಿ, 103.1 ಮೆಗಾಹರ್ಟ್ಸ್‌ನಲ್ಲಿ. ಅದಕ್ಕೆ ಈ ಏರಿಯಲ್ ಉಪಯೋಗಕ್ಕೆ ಬಾರದು. ಇದು ಸುಮಾರು 6ರಿಂದ 17 ಮೆಗಾಹರ್ಟ್ಸ್ ತನಕದ, ಅಂದರೆ 49ರಿಂದ 16 ಮೀಟರ್ ಬ್ಯಾಂಡ್ ತನಕದ ಶಾರ್ಟ್‌ವೇವ್‌ಗೆ ಮಾತ್ರ.

ಬೇಕಾದ ಸಾಮಾನು

ಮನೆ ವೈರಿಂಗಿಗೆ ಬಳಸುವ 1.5 ಚದರ ಮಿಲಿಮೀಟರ್ ತಾಮ್ರದ ತಂತಿ ನಾಲ್ಕು ಮೀಟರ್. ಮೇಲಿನ ಪ್ಲಾಸ್ಟಿಕ್ ಹೊದಿಕೆ ಹಾಗೇ ಇರಲಿ. ಎರಡು ಮರದ ರೀಪುಗಳು: ಒಂದು 130 ಸೆಂಟಿಮೀಟರ್, ಇನ್ನೊಂದು 110. ಬಿದಿರಿನ ಸೀಳೂ ಆಗುತ್ತದೆ, ಆದರೆ ಪೂರ್ತಿ ಒಣಗಿರಬೇಕು. ಹಸಿ ಬಿದಿರು ಒಣಗುತ್ತಾ ಕುಗ್ಗಿದರೆ ತಂತಿ ಜೋತುಬೀಳುತ್ತದೆ. ಲೋಹದ ಪೈಪು ಮಾತ್ರ ಬೇಡ. ಎರಡು ಮೀಟರ್ ತೆಳು ಕೋಆಕ್ಸಿಯಲ್ ಕೇಬಲ್ (ನಡುವೆ ಒಂದು ತಂತಿ, ಸುತ್ತ ಲೋಹದ ಜಾಲರಿ ಇರುವಂಥದು; ಆರ್‌ಜಿ-174 ಸಿಕ್ಕರೆ ಒಳ್ಳೆಯದು, ಟಿವಿ ಕೇಬಲ್ಲೂ ನಡೆಯುತ್ತದೆ), 3.5 ಮಿಲಿಮೀಟರಿನ ಮೋನೊ ಪಿನ್ನು, ಬೆಸುಗೆಗೆ 25 ವಾಟಿನ ಐರನ್, ಕೇಬಲ್ ಟೈ.

ಮುಖ್ಯವಾದದ್ದು ಗ್ಯಾಂಗ್ ಕಂಡೆನ್ಸರ್, ಅಂದರೆ ಹಳೆಯ ರೇಡಿಯೊದಲ್ಲಿ ನಿಲ್ದಾಣ ಹುಡುಕಲು ತಿರುಗಿಸುತ್ತಿದ್ದ ಭಾಗ. ಕೆಟ್ಟ ಟ್ರಾನ್ಸಿಸ್ಟರ್ ರೇಡಿಯೊದಲ್ಲಿ ಇರುವುದು ಚಿಕ್ಕ ಪ್ಲಾಸ್ಟಿಕ್ ಡಬ್ಬಿಯಂಥದು. ವಾಲ್ವ್ ರೇಡಿಯೊದಲ್ಲಿ ಅಲ್ಯೂಮಿನಿಯಂ ತಟ್ಟೆಗಳ ದೊಡ್ಡ ಏರ್ ಗ್ಯಾಂಗ್ ಇರುತ್ತದೆ. ಎರಡೂ ಆಗುತ್ತವೆ. ಮಡಿಕೇರಿ, ಕುಶಾಲನಗರ, ವಿರಾಜಪೇಟೆಯ ಕಡೆ ಹಳೆಯ ರೇಡಿಯೊ ರಿಪೇರಿಯವರಲ್ಲಿ ಕೇಳಿ ನೋಡಿ, ಗುಜರಿಗೆ ಹಾಕಿದ ಸೆಟ್ಟಿನಲ್ಲೂ ಸಿಗಬಹುದು.

ಗ್ಯಾಂಗನ್ನು ತಂತಿಗೆ ಸೇರಿಸುವ ಮೊದಲೇ ಮಲ್ಟಿಮೀಟರನ್ನು ಬೀಪ್ ಸ್ಥಾನಕ್ಕಿಟ್ಟು ಪರೀಕ್ಷಿಸಿ. ತುದಿಯಿಂದ ತುದಿಗೆ ತಿರುಗಿಸಿದರೂ ಮೀಟರ್ ಏನೂ ತೋರಿಸಬಾರದು, ನಡುವೆ ಎಲ್ಲಾದರೂ ಬೀಪ್ ಎಂದರೆ ತಟ್ಟೆಗಳು ತಾಗುತ್ತಿವೆ ಎಂದರ್ಥ. ಚೌಕಕ್ಕೆ ಬೆಸೆದ ಮೇಲೆ ಈ ಪರೀಕ್ಷೆ ಸಾಧ್ಯವಿಲ್ಲ, ತಂತಿಯೇ ಎರಡು ಬದಿಯನ್ನೂ ಜೋಡಿಸಿರುವುದರಿಂದ ಮೀಟರ್ ಯಾವಾಗಲೂ ಬೀಪ್ ಎನ್ನುತ್ತದೆ.

ಕಟ್ಟುವ ಕ್ರಮ

ರೀಪುಗಳನ್ನು ಶಿಲುಬೆಯ ಹಾಗೆ ಜೋಡಿಸಿ. ಉದ್ದನೆಯದು ನೆಟ್ಟಗೆ, ಮೇಲ್ತುದಿಯಿಂದ 55 ಸೆಂಟಿಮೀಟರ್ ಕೆಳಗೆ ಅಡ್ಡ ರೀಪು ಬರಲಿ. ಕೂಡುವ ಬಿಂದುವಿನಿಂದ ನಾಲ್ಕು ದಿಕ್ಕಿಗೂ 53 ಸೆಂಟಿಮೀಟರಿಗೆ ಗುರುತು ಹಾಕಿ ರಂಧ್ರ ಕೊರೆಯಿರಿ. ತಂತಿ ಈ ನಾಲ್ಕು ರಂಧ್ರಗಳನ್ನು ಸುತ್ತಿ ಬಂದರೆ 75 ಸೆಂಟಿಮೀಟರ್ ಬದಿಯ ಚೌಕ, ಮೂಲೆಯ ಮೇಲೆ ನಿಂತ ವಜ್ರದಾಕಾರದಲ್ಲಿ ಸಿಗುತ್ತದೆ. ಕೆಳಗಿನ ಮೂಲೆಯ ನಂತರ ಉಳಿಯುವ ರೀಪು ಕಾಲಾಗುತ್ತದೆ. ಅದನ್ನು ಮಣ್ಣು ತುಂಬಿದ ಹೂಕುಂಡದಲ್ಲಿ ನೆಟ್ಟರೂ ಸಾಕು, ಕುಂಡದ ಸಮೇತ ತಿರುಗಿಸಬಹುದು.

ತಂತಿಯನ್ನು 3.10 ಮೀಟರಿಗೆ ಕತ್ತರಿಸಿ. ಕೆಳಗಿನ ಮೂಲೆಯಲ್ಲಿ ಎರಡು ತುದಿಗಳೂ ಮೂರು ಸೆಂಟಿಮೀಟರ್ ಅಂತರದಲ್ಲಿ ಹೊರಬರಲಿ. ಅಲ್ಲೇ ಒಂದು ಪ್ಲೈವುಡ್ ತುಂಡಿನ ಮೇಲೆ ಗ್ಯಾಂಗ್ ಕೂರಿಸಿ. ಚೌಕದಿಂದ ಗ್ಯಾಂಗಿಗೆ ಹೋಗುವ ತಂತಿ ಐದು ಸೆಂಟಿಮೀಟರಿಗಿಂತ ಉದ್ದವಾಗಬಾರದು.

ಪ್ಲಾಸ್ಟಿಕ್ ಗ್ಯಾಂಗಿಗೆ ಸಾಮಾನ್ಯವಾಗಿ ಒಂದು ಬದಿಯಲ್ಲಿ ಮೂರು ಕಾಲು. ನಡುವಿನದು ಅರ್ತ್, ಅದಕ್ಕೆ ತಂತಿಯ ಒಂದು ತುದಿ. ಆಚೀಚಿನ ಎರಡನ್ನೂ ಒಟ್ಟಿಗೆ ಸೇರಿಸಿ ಇನ್ನೊಂದು ತುದಿ ಬೆಸೆಯಿರಿ. ಏರ್ ಗ್ಯಾಂಗಾದರೆ ಅದರ ಮೈಯೇ ಅರ್ತ್. ಪ್ಲಾಸ್ಟಿಕ್ ಗ್ಯಾಂಗಿನ ಕಾಲನ್ನು ಮೂರು ಸೆಕೆಂಡಿಗಿಂತ ಹೆಚ್ಚು ಕಾಯಿಸಬೇಡಿ, ಒಳಗಿನ ತೆಳು ಹಾಳೆ ಬಾಗಿ ಕೆಡುತ್ತದೆ. ಹಿಂಬದಿಯ ಪುಟ್ಟ ಟ್ರಿಮ್ಮರ್ ಸ್ಕ್ರೂಗಳನ್ನು ತಿರುಗಿಸಿ ಅವುಗಳ ತಟ್ಟೆಗಳು ಒಂದರ ಮೇಲೊಂದು ಬಾರದಂತೆ ತೆರೆದಿಡಿ, ಇಲ್ಲದಿದ್ದರೆ 16 ಮೀಟರ್ ಬ್ಯಾಂಡ್ ಕೈಗೆಟುಕದು.

ಈಗ ದೊಡ್ಡ ಚೌಕ ಹಿಡಿದದ್ದನ್ನು ರೇಡಿಯೊಗೆ ತಲುಪಿಸುವ ಚಿಕ್ಕ ಚೌಕ. ದೊಡ್ಡದರ ಐದನೇ ಒಂದು ಭಾಗ, ಅಂದರೆ 15 ಸೆಂಟಿಮೀಟರ್ ಬದಿ, 60 ಸೆಂಟಿಮೀಟರ್ ತಂತಿ. ಇದನ್ನು ಗ್ಯಾಂಗಿಗೆ ಎದುರಾಗಿ, ಮೇಲಿನ ಮೂಲೆಯೊಳಗೆ ಕಟ್ಟಿ. ಇದರ ಮೇಲಿನ ಎರಡು ಬದಿಗಳು ದೊಡ್ಡ ತಂತಿಯ ಪಕ್ಕದಲ್ಲೇ ಸಾಗಬೇಕು, ಆದರೆ ವಿದ್ಯುತ್ ಸಂಪರ್ಕ ಇರಬಾರದು. ಇದರ ಎರಡು ತುದಿಗಳು ಕೇಬಲ್ಲಿನ ನಡುತಂತಿಗೊಂದು, ಜಾಲರಿಗೊಂದು. ಕೇಬಲ್ಲನ್ನು ನೆಟ್ಟಗಿನ ರೀಪಿನ ಗುಂಟ ಕೆಳಗಿಳಿಸಿ. ಪಿನ್ನಿನ ತುದಿಗೆ ನಡುತಂತಿ, ಮೈಗೆ ಜಾಲರಿ. ರೇಡಿಯೊದ ಹೊರ ಏರಿಯಲ್ ತೂತಿಗೇ ಚುಚ್ಚಿ, ಇಯರ್‌ಫೋನ್ ತೂತಿಗಲ್ಲ. ಏರಿಯಲ್ ತೂತೇ ಇಲ್ಲದ ರೇಡಿಯೊವಾದರೆ ಕೇಬಲ್ಲನ್ನು ಬಿಟ್ಟುಬಿಡಿ. ಕಡ್ಡಿ ಏರಿಯಲ್ಲನ್ನು ಚೌಕದ ಕೆಳಗಿನ ಬದಿಯ ಪಕ್ಕದಲ್ಲಿ, ನಾಲ್ಕೈದು ಬೆರಳು ಅಂತರದಲ್ಲಿ, ಮುಟ್ಟಿಸದೆ ಮಲಗಿಸಿದರೂ ಸಾಕಷ್ಟು ಕೆಲಸವಾಗುತ್ತದೆ.

ಹೊಂದಿಸುವುದು

ಈ ಅಳತೆಯ ಚೌಕದ ಇಂಡಕ್ಟನ್ಸ್ ಸುಮಾರು 3.7 ಮೈಕ್ರೊಹೆನ್ರಿ. ಆ ಲೆಕ್ಕದಲ್ಲಿ ಗ್ಯಾಂಗಿನ ಕೆಪಾಸಿಟಿ (ತಿರುಗಿಸಿದಂತೆ ಬದಲಾಗುವ ಅದರ ಅಳತೆ) 49 ಮೀಟರಿಗೆ 190 ಪಿಕೊಫ್ಯಾರಡ್, 41ಕ್ಕೆ 127, 31ಕ್ಕೆ 74, 25ಕ್ಕೆ 49, 19ಕ್ಕೆ ಕೇವಲ 29 ಬೇಕಾಗುತ್ತದೆ. ಅಂದರೆ 49 ಮೀಟರಿನಿಂದ 41ಕ್ಕೆ ಹೋಗಲು ಗ್ಯಾಂಗನ್ನು ಧಾರಾಳವಾಗಿ ತಿರುಗಿಸಬಹುದು, 25ರಿಂದ 19ಕ್ಕೆ ಕೂದಲೆಳೆಯಷ್ಟು ಸರಿಸಿದರೂ ಹೆಚ್ಚಾಗುತ್ತದೆ. ಆದ್ದರಿಂದ ದೊಡ್ಡ ಗುಬುಟು ಹಾಕಿ. ಡಬ್ಬಿಯ ಅಗಲ ಮುಚ್ಚಳವೂ ಆದೀತು.

ರೇಡಿಯೊದಲ್ಲಿ ನಿಲ್ದಾಣವಿಲ್ಲದ ಜಾಗಕ್ಕೆ ಬಂದು, ಗ್ಯಾಂಗನ್ನು ನಿಧಾನ ತಿರುಗಿಸಿ. ಒಂದು ಹಂತದಲ್ಲಿ ಶ್ ಎಂಬ ಸದ್ದು ಥಟ್ಟನೆ ಉಬ್ಬಿ, ಮತ್ತೆ ತಗ್ಗುತ್ತದೆ. ಆ ಉಬ್ಬಿನ ನೆತ್ತಿಯೇ ಸರಿಯಾದ ಜಾಗ. ಅದು ತುಂಬಾ ಕಿರಿದು. ರೇಡಿಯೊ ಮುಳ್ಳು 50 ಕಿಲೋಹರ್ಟ್ಸ್‌ನಷ್ಟು ಸರಿದರೆ ಗ್ಯಾಂಗನ್ನೂ ಸ್ವಲ್ಪ ಸರಿಸಬೇಕು. ಅಭ್ಯಾಸಕ್ಕೆ 10,000 ಕಿಲೋಹರ್ಟ್ಸ್ ಒಳ್ಳೆಯದು. ಅಲ್ಲಿ ಚೀನಾದ ಬಿಪಿಎಂ ಕಾಲಸೂಚಕ ನಿಲ್ದಾಣದ ಟಿಕ್ ಟಿಕ್ ಕೇಳಬಹುದು, ಗ್ಯಾಂಗ್ ಹೊಂದಿದಾಗ ಟಿಕ್ ಸ್ಪಷ್ಟವಾಗುತ್ತದೆ. ಕತ್ತಲಾದ ಮೇಲೆ 49, 41, 31 ಮೀಟರ್ ಬ್ಯಾಂಡುಗಳು, ಹಗಲಲ್ಲಿ 19, 16 ಮೀಟರ್ ಬ್ಯಾಂಡುಗಳು ಹೆಚ್ಚು ಫಲ ಕೊಡುತ್ತವೆ.

ಗ್ಯಾಂಗ್ ಹೊಂದಿತೆಂದು ಇಲ್ಲಿಗೇ ನಿಲ್ಲಿಸಬೇಡಿ. ಚೌಕವನ್ನು ನಿಂತಲ್ಲೇ ಮೆಲ್ಲನೆ ತಿರುಗಿಸಿ. ಅದರ ಅಂಚು ತೋರುವ ಎರಡು ದಿಕ್ಕಿನಿಂದ ಚೆನ್ನಾಗಿ ಹಿಡಿಯುತ್ತದೆ, ಅಗಲ ಮುಖ ತೋರುವ ದಿಕ್ಕಿಗೆ ಕಿವುಡು. ದೂರದ ನಿಲ್ದಾಣದ ಅಲೆ ಆಕಾಶದಿಂದ ಬೇರೆ ಬೇರೆ ಕೋನದಲ್ಲಿ ಇಳಿಯುವುದರಿಂದ ತಿರುಗಿಸಿದರೂ ಅಷ್ಟಾಗಿ ಕುಗ್ಗದು. ಇನ್ವರ್ಟರಿನ ಗೊರಗೊರ ಪಕ್ಕದ ಗೋಡೆಯಿಂದ ನೇರ ಬರುತ್ತದೆ, ಆ ಕಡೆ ಮುಖ ತಿರುಗಿದೊಡನೆ ಅರ್ಧಕ್ಕರ್ಧ ಇಲ್ಲವಾಗಬಹುದು. ಹೀಗಾಗಿ ನಿಲ್ದಾಣ ಜೋರಾಗುವ ದಿಕ್ಕನ್ನಲ್ಲ, ಗದ್ದಲ ಕುಗ್ಗುವ ದಿಕ್ಕನ್ನು ಹುಡುಕಿ.

ತೋಟದ ಮನೆಗಳಲ್ಲಿ ಇನ್ನೊಂದು ಸದ್ದು ಕೇಳಿಸಬಹುದು: ಸೆಕೆಂಡಿಗೊಂದರಂತೆ ಟಕ್, ಟಕ್, ಟಕ್, ಮುಳ್ಳನ್ನು ಎಲ್ಲಿಗೆ ಸರಿಸಿದರೂ ಬಿಡದೆ. ಅದು ಆನೆಗೆಂದು ಹಾಕಿದ ಸೋಲಾರ್ ಬೇಲಿಯ ಮಿಡಿತ. ಕಾಡುಬಳ್ಳಿ ತಂತಿಗೆ ತಾಗಿದಲ್ಲಿ ಅಥವಾ ಇನ್ಸುಲೇಟರ್ ಒಡೆದಲ್ಲಿ ಕಿಡಿ ಹಾರುವಾಗ ಇದು ಜೋರಾಗುತ್ತದೆ. ಚೌಕವನ್ನು ತಿರುಗಿಸಿ ಕುಗ್ಗಿಸಬಹುದು, ಬಳ್ಳಿ ಕಡಿಸಿದರೆ ಬೇಲಿಗೂ ಒಳ್ಳೆಯದು.

ಎಲ್ಲಿಡಬೇಕು, ಎಲ್ಲಿ ತಪ್ಪುತ್ತದೆ

ಮಂಗಳೂರು ಹೆಂಚಿನ ಮಾಡು ರೇಡಿಯೊ ಅಲೆಗೆ ಅಡ್ಡಿಯಲ್ಲ. ಅಂಥ ಮನೆಯಲ್ಲಿ ಅಟ್ಟವೇ ಒಳ್ಳೆಯ ಜಾಗ, ಆದರೆ ಗ್ಯಾಂಗ್ ಕೈಗೆ ಸಿಗಬೇಕಲ್ಲ, ಅದಕ್ಕಾಗಿ ಅಟ್ಟದ ಕೆಳಗಿನ ಕೋಣೆಯಲ್ಲಿ ಇಡುವುದೇ ಸುಲಭ. ಜಿಂಕ್ ಶೀಟಿನ ಮಾಡಾದರೆ ಅಲೆ ಮೇಲಿನಿಂದ ಇಳಿಯದು, ಕಿಟಕಿಯ ಪಕ್ಕಕ್ಕೆ ತನ್ನಿ. ಆರ್‌ಸಿಸಿ ಮನೆಯಲ್ಲೂ ಕಿಟಕಿಯೇ ಗತಿ, ಕಬ್ಬಿಣದ ಸರಳಿನಿಂದ ಒಂದಡಿಯಾದರೂ ದೂರವಿರಲಿ. ಕಬ್ಬಿಣದ ಬೀರು, ಫ್ರಿಜ್ ಹತ್ತಿರವಿದ್ದರೆ ಗ್ಯಾಂಗ್ ಹೊಂದುವ ಜಾಗವೇ ಪಲ್ಲಟವಾಗುತ್ತದೆ.

ಉಬ್ಬು ಎಲ್ಲೂ ಸಿಗದಿದ್ದರೆ ಬೆಸುಗೆ ಕೂಡಿಲ್ಲ ಅಥವಾ ತಟ್ಟೆ ತಾಗುತ್ತಿದೆ. 31 ಮೀಟರ್ ಸಿಕ್ಕು 49 ಸಿಗದಿದ್ದರೆ ಗ್ಯಾಂಗಿನ ಒಂದೇ ಭಾಗ ಜೋಡಣೆಯಾಗಿದೆ. ಕೈ ತೆಗೆದೊಡನೆ ಹೊಂದಿಕೆ ಜಾರುವುದು ಮೈಯ ಕೆಪಾಸಿಟಿಯಿಂದ. ಗುಬುಟಿಗೂ ಗ್ಯಾಂಗಿಗೂ ನಡುವೆ ಖಾಲಿ ಪೆನ್ನಿನ ಪ್ಲಾಸ್ಟಿಕ್ ಕೊಳವೆ ಸೇರಿಸಿ ಹತ್ತು ಸೆಂಟಿಮೀಟರ್ ದೂರ ಮಾಡಿದರೆ ನಿಲ್ಲುತ್ತದೆ. ತಿರುಗಿಸುವಾಗ ಕರ್‌ಕರ್ ಎಂದರೆ ಏರ್ ಗ್ಯಾಂಗಿನ ತಟ್ಟೆಗಳ ನಡುವೆ ಧೂಳು ಕೂತಿದೆ, ಮೃದುವಾದ ಬ್ರಶ್ಶಿನಿಂದ ಒರೆಸಿ.

ಗುಡುಗು ಹತ್ತಿರವಾದಾಗ, ಏರಿಯಲ್ ಒಳಗಿದ್ದರೂ ಪಿನ್ನನ್ನು ರೇಡಿಯೊದಿಂದ ಕಿತ್ತಿಡಿ. ಮಳೆಗಾಲದ ತಿಂಗಳುಗಳಲ್ಲಿ ಶೀತ ಗೋಡೆಗೆ ಒರಗಿಸಬೇಡಿ, ಪ್ಲೈವುಡ್ಡಿಗೆ ಬೂಷ್ಟು ಹತ್ತಿ ಗ್ಯಾಂಗಿನ ಕಾಲುಗಳ ನಡುವೆ ತೇವ ಕೂರುತ್ತದೆ, ಆಗ ಉಬ್ಬು ಮೊಂಡಾಗುತ್ತದೆ. ಗ್ಯಾಂಗಿಗೊಂದು ಪ್ಲಾಸ್ಟಿಕ್ ಡಬ್ಬಿ ಮುಚ್ಚಿ, ಒಳಗೆ ಔಷಧದ ಬಾಟಲಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣವೊಂದನ್ನು ಇಟ್ಟು, ತಿಂಗಳಿಗೊಮ್ಮೆ ಬದಲಿಸಿ.