ಕಣದ ಕಟ್ಟೆ ಮೇಲೆ ಕೂತು ಹಕ್ಕಿ ನೋಡಿದ್ದು

ಕಾಫಿ ಬೆಳೆಯುವವರು ಹೆದರಿಕೆಗೆ ಕಾರಣ ಹುಡುಕಿಕೊಂಡು ಹೋಗಬೇಕಿಲ್ಲ. ಫೆಬ್ರವರಿ ಮುಗಿಯುತ್ತಿದ್ದ ಹಾಗೆ, ಕಾಫಿ ಮೊಗ್ಗು ಅರಳಿಸುವ ಹೂವಿನ ಮಳೆ ಬರುತ್ತೋ ಇಲ್ಲವೋ ಅಂತ ಶುರುವಾಗುತ್ತದೆ. ಆಗಸ್ಟಿನಲ್ಲಿ ಮಳೆ ನಿಲ್ಲುತ್ತೋ ಇಲ್ಲವೋ ಅಂತ. ಹಣ್ಣು ಕೊಯ್ದು ಕಣದಲ್ಲಿ ಹರಡಿದ ಮೇಲೆ ಮೋಡ ಕಂಡರೆ ಎದೆ ಧಸಕ್ಕೆನ್ನುತ್ತದೆ. ನಡುವೆ ಆನೆ, ಕಾಯಿಕೊರಕ ಹುಳ, ಬ್ಯಾಂಕಿನ ಕಂತು. ಮೂಡಿಗೆರೆ ಕಡೆಯವರಿಗೆ 2019ರ ಆಗಸ್ಟ್ ಇನ್ನೊಂದನ್ನು ಸೇರಿಸಿತು. ಆ ವರ್ಷದ ಆಶ್ಲೇಷ ಮಳೆಗೆ ಗುಡ್ಡಗಳು ತೋಟದ ಸಮೇತ ಜಾರಿ ಬಂದವು. ಆಮೇಲೆ ರಾತ್ರಿ ಹೆಂಚಿನ ಮೇಲೆ ಮಳೆ ಜೋರಾದರೆ ಎದ್ದು ಕೂರುವುದು ನನಗೆ ಅಭ್ಯಾಸವೇ ಆಗಿಹೋಯಿತು.

ನಾನು ಕ್ರೈಸ್ತ. "ಹೆದರಬೇಡ" ಅನ್ನುವ ವಚನಗಳು ಚಿಕ್ಕಂದಿನಿಂದ ಬಾಯಿಪಾಠ. ಆದರೆ ನಡುರಾತ್ರಿ ಎಚ್ಚರವಾದಾಗ ಬಾಯಿಪಾಠ ಅಷ್ಟೇನೂ ಕೆಲಸಕ್ಕೆ ಬರುವುದಿಲ್ಲ. ಬೈಬಲಿನ ಮತ್ತಾಯನ ಸುವಾರ್ತೆಯ 6ನೇ ಅಧ್ಯಾಯದಲ್ಲಿ ಯೇಸು ಚಿಂತೆಯ ಬಗ್ಗೆ ಮಾತಾಡುತ್ತಾ ಆಕಾಶದ ಹಕ್ಕಿಗಳನ್ನು ನೋಡಿ ಅನ್ನುತ್ತಾರೆ. ಅದರ ಮೇಲೆ ಚರ್ಚಿನಲ್ಲಿ ಎಷ್ಟೋ ಪ್ರಸಂಗ ಕೇಳಿದ್ದೆ. ನೋಡಿ ಅಂದ ಮೇಲೆ ಸುಮ್ನೆ ನೋಡಿಯೇ ಬಿಡೋಣ ಅನ್ನಿಸಿತು.

ಮಾಡಿದ್ದು ಇಷ್ಟೇ. ಬೆಳಿಗ್ಗೆ ಲೋಟದ ತುಂಬ ಕಾಫಿ ಹಿಡಿದು ಕಣದ ಕಟ್ಟೆ ಮೇಲೆ ಕೂರುವುದು. ಕೆಲಸದವರು ಬರುವವರೆಗೆ ಆ ಹೊತ್ತು ನನ್ನದು. ಸತ್ಯವೇದದಿಂದ, ಅಂದರೆ ಬೈಬಲಿನಿಂದ, ಒಂದೇ ವಚನ, ಅಧ್ಯಾಯ ಅಲ್ಲ. ಮೊಬೈಲ್ ಒಳಗೆ. ಹವಾಮಾನದ ಆ್ಯಪ್ ನೋಡಿ ದಿನ ಶುರು ಮಾಡಿದರೆ ಪ್ರಾರ್ಥನೆಯೂ ಮಳೆ ಲೆಕ್ಕವೇ ಆಗುತ್ತದೆ.

ಮೊದಲು ಗೊತ್ತಾದದ್ದು, ಹಕ್ಕಿಗಳಿಗೆ ಹೆದರಿಕೆಯೇ ಇಲ್ಲ ಅನ್ನುವುದು ಸುಳ್ಳು ಅಂತ. ಹಕ್ಕಿಗಳು ಕೆಲಸ ಮಾಡದೆ ತಿನ್ನುತ್ತವೆ ಅನ್ನುವವರೂ ಹಕ್ಕಿಯನ್ನು ಸರಿಯಾಗಿ ನೋಡಿದವರಲ್ಲ. ನಮ್ಮ ಗಿಡಗಳ ಬುಡದಲ್ಲಿ ಹರಟೆಮಲ್ಲಗಳ ಗುಂಪು ತರಗೆಲೆ ಕೆದಕುತ್ತಾ ಹುಳ ಹೆಕ್ಕುತ್ತದೆ. ಒಂದು ಮಾತ್ರ ಮೇಲಿನ ಕೊಂಬೆಯಲ್ಲಿ ಕಾವಲಿಗೆ. ಗಿಡುಗ ಕಂಡರೆ ಅದು ಕಿರುಚುತ್ತದೆ, ಉಳಿದವು ಪೊದೆಗೆ ನುಗ್ಗುತ್ತವೆ. ಗಿಡುಗ ಹೋಯಿತಾ, ಮತ್ತೆ ಕೆಳಗಿಳಿದು ಕೆದಕುವುದೇ. ನಾನಾಗಿದ್ದರೆ ಸಂಜೆವರೆಗೂ ಪೊದೆಯಲ್ಲೇ ಇರುತ್ತಿದ್ದೆ! ಅಲ್ಲಿಂದ ಮುಂದೆ ಹೆದರಿಕೆ ತೆಗೆದುಬಿಡು ಅಂತ ದೇವರನ್ನು ಕೇಳುವುದು ಬಿಟ್ಟೆ. ಹೆದರಿಕೆ ಹೋದ ಮೇಲೂ ಪೊದೆಯಲ್ಲೇ ಕೂರಿಸಬೇಡ ಅಂತ ಕೇಳತೊಡಗಿದೆ.

ಆದರೆ ನನ್ನನ್ನು ನಿಜವಾಗಿ ಹಿಡಿದಿಟ್ಟದ್ದು ಮಂಗಟ್ಟೆ ಹಕ್ಕಿ. ನಮ್ಮ ತೋಟದಂಚಿನ ಹಳೇ ಮರದಲ್ಲಿ ಒಂದು ಪೊಟರೆ ಇದೆ. ಬೇಸಿಗೆ ಶುರುವಿನಲ್ಲಿ ಹೆಣ್ಣು ಅದರೊಳಗೆ ಹೋಗಿ ತನ್ನ ಹಿಕ್ಕೆಯಿಂದಲೇ ಪೊಟರೆಯ ಬಾಯಿ ಮುಚ್ಚಿಕೊಳ್ಳುತ್ತದೆ. ಕೊಕ್ಕು ತೂರುವಷ್ಟು ಸೀಳು ಮಾತ್ರ ಉಳಿಯುತ್ತದೆ. ಒಳಗೆ ಮೊಟ್ಟೆಗೆ ಕಾವು ಕೊಡುತ್ತಾ ರೆಕ್ಕೆಯ ಗರಿಗಳನ್ನೂ ಉದುರಿಸುತ್ತದೆ. ಅಂದರೆ ಬೇಕೆಂದರೂ ಹಾರಲಾಗದು. ಊಟ ಪೂರ್ತಿ ಹೊರಗಿನ ಗಂಡಿನ ಮೇಲೆ. ಅದು ಬಂದು ಮರದ ಕಾಂಡಕ್ಕೆ ಅಂಟಿಕೊಳ್ಳುತ್ತದೆ, ಕತ್ತು ಕೊಂಕಿಸುತ್ತದೆ, ಗಂಟಲಿನಿಂದ ಒಂದು ಅತ್ತಿಹಣ್ಣು ಕೊಕ್ಕಿನ ತುದಿಗೆ ತರುತ್ತದೆ. ಸೀಳಿನೊಳಗಿಂದ ಇನ್ನೊಂದು ಕೊಕ್ಕು ಬಂದು ತೆಗೆದುಕೊಳ್ಳುತ್ತದೆ. ಮತ್ತೆ ಗಂಟಲಿನಿಂದ ಇನ್ನೊಂದು. ಒಟ್ಟಿಗೆ ಸುರಿಯುವುದಿಲ್ಲ, ಒಂದೊಂದೇ. ಒಳಗೆ ದಾಸ್ತಾನು ಇಡುವ ಜಾಗವೂ ಇಲ್ಲ.

ಇದು ನಡೆಯುವುದು ಈಸ್ಟರಿಗೆ ಮುಂಚಿನ ನಮ್ಮ ತಪಸ್ಸುಕಾಲದ ಹೊತ್ತಿಗೆ. ಅದೇ ಹೊತ್ತಿಗೆ ನಾನು ಹೂವಿನ ಮಳೆಗೆ ಕಾಯುತ್ತಿರುತ್ತೇನೆ. ರೊಬಸ್ಟ ಕಾಫಿಯ ಮೊಗ್ಗಿಗೆ ಒಂದಿಂಚು ಮಳೆ ಬೀಳದಿದ್ದರೆ ವರ್ಷದ ಬೆಳೆ ಕೈಬಿಟ್ಟ ಹಾಗೆ. ಚರ್ಚಿನ ಪೂಜೆಯಿಂದ ಹೊರಬಂದವರೂ "ನಿಮ್ಮಲ್ಲಿ ಎಷ್ಟು ಸೆಂಟ್ಸ್?" ಅಂತಲೇ ಕೇಳುತ್ತಾರೆ. ಸೆಂಟ್ಸ್ ಅಂದರೆ ಮಳೆಯ ಅಳತೆ, ಇಂಚಿನ ನೂರನೇ ಒಂದು ಭಾಗ. ಪೊಟರೆ ನೋಡಿದ ಮೇಲೆ ನಾನು ಸ್ಪ್ರಿಂಕ್ಲರ್ ನಿಲ್ಲಿಸಲಿಲ್ಲ. ಕೆರೆಯಲ್ಲಿ ನೀರಿರುವಷ್ಟು ದಿನ ಹಾಕುತ್ತೇನೆ. ಆಮೇಲೆ ಪಂಪ್ ಆಫ್ ಮಾಡಿ ಮಲಗುತ್ತೇನೆ. ಮೊದಲು ಪಂಪ್ ಆಫ್ ಆಗುತ್ತಿತ್ತು, ತಲೆ ಆಫ್ ಆಗುತ್ತಿರಲಿಲ್ಲ.

ಒಂದು ಕಹಿ ಮಾತನ್ನೂ ಹೇಳಬೇಕು. ಮನೆ ಹತ್ತಿರದ ಕಾಫಿ ಗಿಡದಲ್ಲಿ ಪಿಕಳಾರ ಗೂಡು ಕಟ್ಟಿತ್ತು. ಕೆಂಬೂತ ಬಂದು ಮರಿಗಳನ್ನು ಎತ್ತಿಕೊಂಡು ಹೋಯಿತು. ಆ ದಿನ ಯಾವ ವಚನವೂ ಹಿತವಾಗಲಿಲ್ಲ. ಆಮೇಲೆ ಮತ್ತಾಯನ 10ನೇ ಅಧ್ಯಾಯ ತೆಗೆದೆ. ಅಲ್ಲಿ ಗುಬ್ಬಿ ಬೀಳುವುದೇ ಇಲ್ಲ ಅಂತ ಯೇಸು ಹೇಳಿಲ್ಲ. ಬಿದ್ದರೂ ಅದು ತಂದೆಯನ್ನು ಬಿಟ್ಟು ಆದದ್ದಲ್ಲ ಅನ್ನುತ್ತಾರೆ. ಇದು ಸುಲಭದ ಸಮಾಧಾನ ಅಲ್ಲ. ನಂಬಿದರೆ ಏನೂ ಆಗೋದಿಲ್ಲ ಅನ್ನುವ ಪ್ರಸಂಗಕ್ಕಿಂತ ನನಗೆ ಇದೇ ಜಾಸ್ತಿ ಗಟ್ಟಿ ಅನ್ನಿಸುತ್ತದೆ. ಗುಡ್ಡ ಕುಸಿದು ಮನೆ ಕಳೆದುಕೊಂಡವರ ಎದುರು ನಿಂತು ಆ ಪ್ರಸಂಗ ಮಾಡಲು ಆಗುತ್ತಾ? ಪಿಕಳಾರ ಜೋಡಿ ಆ ಬೇಸಿಗೆಯಲ್ಲೇ ಇನ್ನೊಂದು ಗೂಡು ಕಟ್ಟಿತು, ಬೇಲಿಯ ಇನ್ನೊಂದು ತುದಿಯಲ್ಲಿ.

ಸತ್ಯವೇದದ 11ನೇ ಕೀರ್ತನೆಯಲ್ಲಿ, ಹಕ್ಕಿಯ ಹಾಗೆ ಬೆಟ್ಟಕ್ಕೆ ಹಾರಿಹೋಗು ಅಂದವರ ಮಾತನ್ನು ದಾವೀದ ಒಪ್ಪುವುದಿಲ್ಲ. ನಮಗೆ ನೆಂಟರು ಉಲ್ಟಾ ಹೇಳುತ್ತಾರೆ, ಬೆಟ್ಟ ಬಿಟ್ಟು ಬೆಂಗಳೂರಿಗೆ ಬನ್ನಿ, ತೋಟ ಮಾರಿಬಿಡಿ ಅಂತ. ರೆಡ್ ಅಲರ್ಟ್ ಬಂದ ರಾತ್ರಿ ಹಾಸಿಗೆ ಸುತ್ತಿಕೊಂಡು ಪೇಟೆಗೆ ಹೋಗಿಯೇ ಹೋಗುತ್ತೇವೆ. ಅದು ಅಪನಂಬಿಕೆ ಅಂತ ನನಗನ್ನಿಸುವುದಿಲ್ಲ, ಗಿಡುಗ ಕಂಡಾಗ ಹರಟೆಮಲ್ಲ ಮಾಡುವುದೂ ಅದನ್ನೇ. ಮಳೆ ಇಳಿದ ಮೇಲೆ ವಾಪಸ್ ಬಂದು ಚರಂಡಿ ಬಿಡಿಸುತ್ತೇವೆ. ತೋಟ ಮಾರುವ ವಿಷಯವನ್ನು ಮಾತ್ರ ಮನೆಯಲ್ಲಿ ಮಳೆಗಾಲದಲ್ಲಿ ಎತ್ತಬಾರದು ಅಂತ ಮಾಡಿಕೊಂಡಿದ್ದೇವೆ. ಲೆಕ್ಕ ಹಾಕಿ ಮಾತಾಡುವುದಿದ್ದರೆ ಜನವರಿಯಲ್ಲಿ, ಬಿಸಿಲಲ್ಲಿ, ಕಾಫಿ ರೇಟು ಗೊತ್ತಾದ ಮೇಲೆ.