ಚರ್ಚಿಗೆ ಮೊದಲು ಹೋದವರು ಯಾರು? ಅಚೆಬೆ ಕಾದಂಬರಿಯನ್ನು ಕೂಡಿ ಓದಿದ ನನ್ನ ಅನುಭವ

ನಮ್ಮ ಓದುಗರ ಕೂಟದಲ್ಲಿ ಚಿನುವಾ ಅಚೆಬೆಯವರ ‘ಥಿಂಗ್ಸ್ ಫಾಲ್ ಅಪಾರ್ಟ್’ ಚರ್ಚೆ ನಡೆಸುವ ಕೆಲಸ ನನ್ನ ಪಾಲಿಗೆ ಬಂತು. 1958ರ ಕಾದಂಬರಿ. ನೈಜೀರಿಯಾದ ಇಗ್ಬೊ ಜನರ ಊರೊಂದಕ್ಕೆ ಮಿಷನರಿಗಳೂ ಬ್ರಿಟಿಷ್ ಸರ್ಕಾರವೂ ಕಾಲಿಟ್ಟ ಕಾಲದ ಕತೆ. ಇಷ್ಟು ಹೆಸರಾದ ಪುಸ್ತಕದ ಬಗ್ಗೆ ಓದುವ ಮೊದಲೇ ಒಂದು ಅಭಿಪ್ರಾಯ ಸಿದ್ಧವಾಗಿರುತ್ತದೆ, ಅಲ್ವಾ? ಬಿಳಿಯರು ಬಂದರು, ಚೆನ್ನಾಗಿದ್ದ ಊರನ್ನು ಹಾಳು ಮಾಡಿದರು ಅಂತ. ಮಾತು ಸುಳ್ಳಲ್ಲ. ಆದರೆ ಅಷ್ಟಕ್ಕೇ ನಿಂತರೆ ಅಚೆಬೆ ಬರೆದದ್ದರಲ್ಲಿ ಅರ್ಧ ಮಾತ್ರ ನಮಗೆ ಸಿಗುತ್ತದೆ. ಆ ಇನ್ನರ್ಧಕ್ಕಾಗಿಯೇ ನಾನು ಚರ್ಚೆಯನ್ನು ಬೇರೆ ರೀತಿ ಕಟ್ಟಿದೆ.

ಕಾದಂಬರಿಯಲ್ಲಿ 3 ಭಾಗ, 25 ಅಧ್ಯಾಯ. ಮೊದಲ ಭಾಗವೇ 13 ಅಧ್ಯಾಯ. ಅಲ್ಲಿ ಯಾಮ್ ಗೆಡ್ಡೆಯ ಬೇಸಾಯ, ಕುಸ್ತಿ, ಮದುವೆ ಮಾತುಕತೆ, ಹಬ್ಬ, ಪಂಚಾಯ್ತಿ. ‘ಕತೆ ಮುಂದಕ್ಕೇ ಹೋಗಲ್ಲ’ ಅನ್ನುವ ದೂರು ಬಂದೇ ಬರುತ್ತದೆ ಅಂತ ನನಗೆ ಗೊತ್ತಿತ್ತು. ಅದಕ್ಕೇ ಭಾಗಕ್ಕೊಂದು ಭಾನುವಾರ ಇಟ್ಟೆ. ಮೊದಲ ಸಲ ಬಿಳಿಯರ ಮಾತೇ ಬೇಡ, ಉಮುಓಫಿಯಾ ಊರು ಹೇಗೆ ನಡೆಯುತ್ತಿತ್ತು ಅನ್ನುವುದನ್ನಷ್ಟೇ ಮಾತಾಡೋಣ ಅಂದೆ. ಒಡೆದು ಹೋದದ್ದು ಏನು ಅಂತ ಗೊತ್ತಾಗಬೇಕಾದರೆ ಇದ್ದದ್ದು ಏನು ಅಂತ ನೋಡಲೇಬೇಕು.

ಆವತ್ತು ಜಾಸ್ತಿ ಬಿಸಿಯಾದದ್ದು ಕಾದಂಬರಿಯ ನಾಯಕ ಒಕೊಂಕ್ವೊ ಹೆಂಡತಿಗೆ ಹೊಡೆಯುವ ವಿಷಯಕ್ಕೆ. ಒಬ್ಬ ಯುವತಿ, ಈ ಮನುಷ್ಯನ ಬಗ್ಗೆ ನನಗೆ ಮರುಕ ಬರಲ್ಲ, ಮುಂದೆ ಓದಲು ಮನಸ್ಸೇ ಇಲ್ಲ ಅಂದರು. ನಾನು ವಾದ ಮಾಡಲಿಲ್ಲ. ಎರಡು ದೃಶ್ಯಗಳನ್ನು ಒಂದರ ಹಿಂದೆ ಒಂದು ಗಟ್ಟಿಯಾಗಿ ಓದಿಸಿದೆ. ಬಿತ್ತನೆಗೆ ಮೊದಲು ಯಾರೂ ಜಗಳವಾಡಬಾರದು ಅನ್ನುವ ಶಾಂತಿ ವಾರದಲ್ಲಿ ಒಕೊಂಕ್ವೊ ಕಿರಿಯ ಹೆಂಡತಿ ಒಜಿಯುಗೊಗೆ ಹೊಡೆಯುತ್ತಾನೆ. ಪೂಜಾರಿ ದಂಡ ಹಾಕುತ್ತಾನೆ. ಆದರೆ ದಂಡ ಹೊಡೆದದ್ದಕ್ಕಲ್ಲ, ಶಾಂತಿ ವಾರ ಕೆಡಿಸಿದ್ದಕ್ಕೆ. ಇನ್ನೊಂದು ಕಡೆ, ದಿನಾ ಹೊಡೆಯುವ ಉಜೊವುಲುವಿನ ಹೆಂಡತಿಯನ್ನು ಅವಳ ಅಣ್ಣತಮ್ಮಂದಿರು ಕರೆದುಕೊಂಡು ಹೋಗುತ್ತಾರೆ. ಪಂಚಾಯ್ತಿ ಅವನಿಗೆ, ಹೆಂಡದ ಮಡಕೆ ಹಿಡಿದುಕೊಂಡು ಹೋಗಿ ಬೇಡಿಕೋ ಅನ್ನುತ್ತದೆ. ಅಚೆಬೆ ಇದನ್ನೆಲ್ಲ ಮುಚ್ಚಿಡುವುದಿಲ್ಲ, ಭಾಷಣವನ್ನೂ ಮಾಡುವುದಿಲ್ಲ. ಆ ಯುವತಿ ಮುಂದಿನ ಭಾನುವಾರ ಪೂರ್ತಿ ಓದಿಕೊಂಡೇ ಬಂದರು. ಸಿಟ್ಟು ಹಾಗೇ ಇತ್ತು. ಇರಬೇಕಾದದ್ದೇ.

ಆ ಪಂಚಾಯ್ತಿಯಲ್ಲಿ ತೀರ್ಪು ಕೊಡುವವರು ಎಗ್ವುಗ್ವು, ಅಂದರೆ ಮುಖವಾಡ ತೊಟ್ಟ ಪೂರ್ವಿಕರು. ಅವರಲ್ಲೊಬ್ಬರ ನಡಿಗೆ ಒಕೊಂಕ್ವೊ ನಡಿಗೆಯಂತೆಯೇ ಇದೆ ಅಂತ ಅವನ ಹೆಂಡತಿಯರಿಗೆ ಹೊಳೆದಿರಬಹುದು. ಹೊಳೆದರೂ ಯಾರೂ ಬಾಯಿ ಬಿಡುವುದಿಲ್ಲ. ಹಾಗಾದರೆ ಇದು ನಾಟಕ ತಾನೇ ಅಂತ ಒಬ್ಬರು ಕೇಳಿದರು. ದಕ್ಷಿಣ ಕನ್ನಡದ ಹಿರಿಯರೊಬ್ಬರು ಭೂತಕೋಲದ ಮಾತು ತೆಗೆದರು. ಕಟ್ಟುವವರು ಯಾರು ಅಂತ ಊರಿಗೆಲ್ಲ ಗೊತ್ತು, ಆದರೂ ದೈವ ಬಂದ ಮೇಲೆ ಎದುರಿಗೆ ನಿಂತದ್ದು ದೈವವೇ ಅಂದರು. ಮುಂದೆ ಈನಕ್ ಅನ್ನುವ ಹೊಸ ಕ್ರೈಸ್ತ ಎಲ್ಲರೆದುರು ಒಂದು ಎಗ್ವುಗ್ವುವಿನ ಮುಖವಾಡ ಕೀಳುತ್ತಾನೆ. ಊರವರು ಅದನ್ನು ಪೂರ್ವಿಕನ ಕೊಲೆ ಅಂತ ಯಾಕೆ ಭಾವಿಸಿದರು ಅಂತ ನಾನು ವಿವರಿಸುವ ಕೆಲಸವೇ ಉಳಿಯಲಿಲ್ಲ.

ಎರಡನೇ ಭಾನುವಾರ ಒಂದೇ ಪ್ರಶ್ನೆ ಇಟ್ಟೆ: ಚರ್ಚಿಗೆ ಮೊದಲು ಹೋದವರು ಯಾರು? ಹೆಸರು ಹುಡುಕಿ, ಪಕ್ಕದಲ್ಲಿ ಕಾರಣ ಬರೆಯಿರಿ ಅಂದೆ. ನನಗೆ ಇಡೀ ಚರ್ಚೆಯಲ್ಲಿ ಮುಖ್ಯವಾದದ್ದು ಇದೇ. ಊರಲ್ಲಿ ಬೆಲೆಯಿಲ್ಲದವರು ಹೋದರು. ನೆಕಾ ಹೋದಳು. ನಾಲ್ಕು ಸಲ ಅವಳಿ ಮಕ್ಕಳನ್ನು ಹೆತ್ತವಳು. ಅವಳಿಗಳನ್ನು ಕಾಡಿಗೆ ಎಸೆಯುವುದು ಅಲ್ಲಿಯ ಪದ್ಧತಿ. ಅವಳು ಮತ್ತೆ ಬಸುರಿ. ‘ಒಸು’ಗಳೂ ಹೋದರು. ದೇವರಿಗೆ ಬಿಟ್ಟವರು ಅಂತ ದೂರ ಇಟ್ಟ ಜನ, ಅವರ ಜೊತೆ ಮದುವೆ ಸಂಬಂಧ ಇಲ್ಲ. ಅವರಿಗಿಂತ ಮೊದಲೇ ಒಕೊಂಕ್ವೊನ ಹಿರಿಮಗ ನ್ವೊಯೆಯೂ ಹೋಗಿದ್ದ. ಅಣ್ಣನಂತಿದ್ದ ಇಕೆಮೆಫುನಾನನ್ನು ಕೊಂದವರ ಜೊತೆ ಅಪ್ಪ ಇದ್ದ ಅಂತ ತಿಳಿದಾಗಲೇ ಅವನೊಳಗೆ ಏನೋ ಕಳಚಿ ಹೋಗಿತ್ತು. ಅವನನ್ನು ಹಿಡಿದದ್ದು ಪಾದ್ರಿಯ ತರ್ಕವಲ್ಲ, ಅಲ್ಲಿ ಕೇಳಿದ ಹಾಡು.

ಪಟ್ಟಿ ನೋಡಿ ಕೂಟ ಸ್ವಲ್ಪ ಹೊತ್ತು ಸುಮ್ಮನಾಯಿತು. ಆಮೇಲೆ ಒಬ್ಬ ನಿವೃತ್ತ ಮೇಷ್ಟ್ರು, ಹಾಗಾದರೆ ಬಂದೂಕು ಹಿಡಿದು ಬಂದವರ ತಪ್ಪೇನೂ ಇಲ್ಲವೇ ಅಂತ ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಅಬಾಮೆ ಊರಿನವರು ಒಬ್ಬ ಬಿಳಿಯನನ್ನು ಕೊಂದಾಗ ಬಿಳಿಯರ ಕಡೆಯವರು ಸಂತೆಯ ದಿನ ಬಂದು ಜನರನ್ನೇ ಗುಂಡಿಟ್ಟು ಕೊಂದದ್ದನ್ನು ಓದಿದೆವು. ಮಾತಿಗೆ ಅಂತ ಕರೆದು ಉಮುಓಫಿಯಾದ ನಾಯಕರಿಗೆ ಬೇಡಿ ಹಾಕಿದ್ದನ್ನೂ, ಅವರನ್ನು ಬಿಡಲು 200 ಚೀಲ ಕವಡೆ ದಂಡ ಹಾಕಿದ್ದನ್ನೂ, ಕೋರ್ಟಿನ ಜವಾನರು ಅದನ್ನು 250 ಮಾಡಿ ವಸೂಲು ಮಾಡಿದ್ದನ್ನೂ ಓದಿದೆವು. ಹೊರಗಿನ ಹಿಂಸೆ, ಒಳಗಿನ ಬಿರುಕು ಎರಡನ್ನೂ ಅಚೆಬೆ ಒಂದೇ ಪುಸ್ತಕದಲ್ಲಿ ಹಿಡಿದಿದ್ದಾರೆ. ಅವರು 1930ರಲ್ಲಿ ಒಗಿಡಿಯಲ್ಲಿ ಹುಟ್ಟಿದ್ದು ಚರ್ಚಿಗೆ ಹೋದವರ ಮನೆಯಲ್ಲೇ. ತಂದೆ ಮಿಷನ್ ಕೆಲಸದಲ್ಲಿದ್ದವರು. ನೆಕಾಳ ಬಗ್ಗೆಯಾಗಲಿ ನ್ವೊಯೆ ಬಗ್ಗೆಯಾಗಲಿ ಒಂದು ಹಗುರ ಮಾತೂ ಬರದಿರುವುದಕ್ಕೆ ಇದೂ ಒಂದು ಕಾರಣ ಅಂತ ನನ್ನ ನಂಬಿಕೆ.

ಕೊನೆಯ ಭಾನುವಾರ ಬರೆಯುವ ಕೆಲಸ. ಕಾದಂಬರಿಯ ಕೊನೆಯಲ್ಲಿ ಜಿಲ್ಲಾ ಕಮಿಷನರ್, ನೇಣು ಹಾಕಿಕೊಂಡ ಒಕೊಂಕ್ವೊ ಬಗ್ಗೆ ತನ್ನ ಪುಸ್ತಕದಲ್ಲಿ ಒಂದು ಅಧ್ಯಾಯ ಬರೆಯಬಹುದು ಅಂದುಕೊಂಡು, ಬೇಡ, ಒಂದು ಪ್ಯಾರಾ ಸಾಕು ಅಂತ ತೀರ್ಮಾನಿಸುತ್ತಾನೆ. ನೀವೂ ಒಂದೇ ಪ್ಯಾರಾ ಬರೆಯಿರಿ, ಆದರೆ ಊರಿನ ಒಬ್ಬರ ಬಾಯಲ್ಲಿ ಅಂದೆ. ಮೇಷ್ಟ್ರು ಗೆಳೆಯ ಒಬಿಯೆರಿಕಾನ ಸಿಟ್ಟಿನಲ್ಲಿ ಬರೆದರು. ಆ ಯುವತಿ, ಅಪ್ಪನನ್ನು ಎಲ್ಲರಿಗಿಂತ ಚೆನ್ನಾಗಿ ಅರಿತಿದ್ದ ಮಗಳು ಎಜಿನ್ಮಾಳಾಗಿ ಬರೆದರು. ಅವನನ್ನು ಕ್ಷಮಿಸಲಿಲ್ಲ, ಬಿಟ್ಟೂ ಕೊಡಲಿಲ್ಲ.

ಆಮೇಲೆ ಕೂಟದವರೇ ಕೇಳಿ 1960ರ ‘ನೋ ಲಾಂಗರ್ ಅಟ್ ಈಸ್’ ಎತ್ತಿಕೊಂಡೆವು. ಅದರ ನಾಯಕ ಒಬಿ ಇದೇ ನ್ವೊಯೆಯ ಮಗ. ಅವನು ಮದುವೆಯಾಗಬೇಕು ಅಂದುಕೊಂಡ ಕ್ಲಾರಾ ಒಸು. ಬೇಡ ಅನ್ನುವವನು, ಒಸುಗಳನ್ನು ಸೇರಿಸಿಕೊಂಡ ಚರ್ಚಿಗೇ ಹೋಗಿದ್ದ ನ್ವೊಯೆ. ನಮ್ಮ ಹಳೆಯ ಪಟ್ಟಿ ಮತ್ತೆ ಮೇಜಿನ ಮೇಲೆ ಬಂದಿದೆ, ಈ ಸಲ ಜಗಳ ಇನ್ನೂ ಜೋರಾಗಿದೆ.