ತಿರುಗುವ ವಾಹನ ಇರುವ ಕಡೆ ರಸ್ತೆ ದಾಟುವುದು ಹೇಗೆ?

ಸಿಗ್ನಲ್‌ನಲ್ಲಿ ನಡೆಯುವವರ ಹಸಿರು ದೀಪ ಬಂದರೆ ಇನ್ನು ಭಯವಿಲ್ಲ ಅಂದುಕೊಳ್ಳುತ್ತೇವೆ ಅಲ್ವಾ? ಆದರೆ ಎಷ್ಟೋ ಕಡೆ ಅದೇ ಹೊತ್ತಿಗೆ, ನೀವು ದಾಟುವ ರಸ್ತೆಗೇ ತಿರುಗುವ ವಾಹನಗಳಿಗೂ ಹಸಿರು ಇರುತ್ತದೆ. ಅವುಗಳಲ್ಲಿ ಕೆಲವು ಬರುವುದು ನಿಮ್ಮ ಬೆನ್ನ ಹಿಂದಿನಿಂದ. ಆದ್ದರಿಂದ ರಸ್ತೆಗಿಳಿಯುವ ಮೊದಲು ಕತ್ತನ್ನು ಪೂರ್ತಿ ಹಿಂದಕ್ಕೆ ತಿರುಗಿಸಿ ನೋಡಿ. ಎಡ ಬಲ ನೋಡಿದರೆ ಸಾಲದು.

ಆಮೇಲೆ ವಾಹನದ ಮುಂದಿನ ಚಕ್ರ ನೋಡಿ. ಇಂಡಿಕೇಟರ್ ಹಾಕಲು ಮರೆಯುವವರು ಬಹಳ ಜನ. ಚಕ್ರ ಮಾತ್ರ ಸುಳ್ಳು ಹೇಳುವುದಿಲ್ಲ. ನಿಂತ ಕಾರಿನ ಟೈರ್ ನಿಮ್ಮ ಕಡೆ ಓರೆಯಾಗಿದ್ದರೆ, ಹೊರಟ ತಕ್ಷಣ ಅದು ಬರುವುದು ನಿಮ್ಮ ಕಡೆಗೇ.

ಇನ್ನು ಡ್ರೈವರ್ ಮುಖ. ಇದನ್ನು ನಾನು ಒತ್ತಿ ಹೇಳುತ್ತೇನೆ. ಕಾರಿನ ಮುಂಗಾಜಿನ ಎರಡೂ ಬದಿಗೆ ಒಂದೊಂದು ಕಂಬ ಇರುತ್ತದೆ. ನಿಂತ ಕಾರಿನಲ್ಲಿ ಡ್ರೈವರ್ ಸೀಟಿನಲ್ಲಿ ಕುಳಿತು, ಮನೆಯವರನ್ನು ಕೆಲವು ಹೆಜ್ಜೆ ಆಚೆ ನಡೆಸಿ ನೋಡಿ. ಒಂದು ಜಾಗದಲ್ಲಿ ಇಡೀ ಮನುಷ್ಯ ಆ ಕಂಬದ ಹಿಂದೆ ಮರೆಯಾಗಬಹುದು. ಕಾರು ತಿರುಗುತ್ತಾ, ನೀವು ನಡೆಯುತ್ತಾ ಹೋದಂತೆ ಆ ಮರೆಯೂ ನಿಮ್ಮ ಜೊತೆಗೇ ಸಾಗಬಹುದು. ದಾಟುವಾಗ ನಿಮಗೆ ಡ್ರೈವರ್ ಮುಖ ಕಾಣದಿದ್ದರೆ, ಅವರಿಗೂ ನೀವು ಕಾಣುತ್ತಿಲ್ಲ ಎಂದೇ ತಿಳಿಯಿರಿ. ಮುಖ ಕಂಡರೂ ವೇಗ ತಗ್ಗುವ ತನಕ ನಿಲ್ಲಿ. ಗಂಟೆಗೆ 20 ಕಿ.ಮೀ. ವೇಗದ ಕಾರು ಒಂದೇ ಸೆಕೆಂಡಿನಲ್ಲಿ ಐದೂವರೆ ಮೀಟರ್ ಬಂದುಬಿಡುತ್ತದೆ.

ಎದುರಿನ ವಾಹನಗಳ ಸಾಲು ದಾಟಿ ತಿರುಗುವವರ ಬಗ್ಗೆ ಇನ್ನೂ ಜಾಸ್ತಿ ಎಚ್ಚರ ಬೇಕು. ಅವರ ಕಣ್ಣು ಆ ಸಾಲಿನಲ್ಲಿ ಜಾಗ ಹುಡುಕುತ್ತಿರುತ್ತದೆ. ಜಾಗ ಸಿಕ್ಕ ಕೂಡಲೇ ನುಗ್ಗುತ್ತಾರೆ.

ಬಸ್, ಲಾರಿ ತಿರುಗುವಾಗ ಮೂಲೆಯಿಂದ ಎರಡು ಮೂರು ಹೆಜ್ಜೆ ಹಿಂದೆ ಸರಿಯಿರಿ. ಮಕ್ಕಳಿದ್ದರೆ ಕೈ ಹಿಡಿದುಕೊಳ್ಳಿ. ಮುಂಭಾಗ ದಾಟಿತು ಅಂತ ಸುಮ್ನೆ ಮುಂದೆ ಬರಬೇಡಿ. ಹಿಂದಿನ ಚಕ್ರ ಮುಂದಿನ ಚಕ್ರದ ಜಾಡಿನಲ್ಲಿ ಬರುವುದಿಲ್ಲ, ಮೂಲೆಗೆ ಇನ್ನೂ ಒತ್ತಿಕೊಂಡು ಬರುತ್ತದೆ. ಕೆಲವೊಮ್ಮೆ ಫುಟ್‌ಪಾತ್ ಅಂಚನ್ನೇ ಹತ್ತುತ್ತದೆ.

ಇಷ್ಟೆಲ್ಲ ಹೊರೆ ನಡೆಯುವವರ ತಲೆಗೇ ಕಟ್ಟುವುದು ನ್ಯಾಯವಲ್ಲ. ತಿರುಗುವವರೇ ನಿಧಾನಿಸಬೇಕು, ಸಿಗ್ನಲ್ ಕೂಡ ನೆರವಾಗಬೇಕು. ಕೆಲವು ನಗರಗಳಲ್ಲಿ ನಡೆಯುವವರಿಗೆ 3ರಿಂದ 7 ಸೆಕೆಂಡ್ ಮೊದಲೇ ಹಸಿರು ಕೊಡುತ್ತಾರೆ. ವಾಹನ ಹೊರಡುವಷ್ಟರಲ್ಲಿ ಜನ ರಸ್ತೆಯಲ್ಲಿ ಎದ್ದು ಕಾಣುತ್ತಾರೆ. ಅಂಥ ಸಿಗ್ನಲ್ ಇದ್ದರೆ, ಸುತ್ತ ನೋಡಿಕೊಂಡು ಕೂಡಲೇ ಹೊರಡಿ. ಫೋನ್ ನೋಡುತ್ತಾ ನಿಂತರೆ ಆ ಸೆಕೆಂಡುಗಳು ಹೋಗಿ, ನೀವು ಇಳಿಯುವುದೂ ವಾಹನ ತಿರುಗುವುದೂ ಒಟ್ಟಿಗೇ ಆಗುತ್ತದೆ.